ಗೌರವ್ವನ ಬೆರಳು

ಆ ಸಲವೂ ಯಾರಿಗೂ ಬಹುಮತ ಬಂದಿರಲಿಲ್ಲ. ಗೆದ್ದ ಶಾಸಕ ಪಕ್ಷ ಬಿಟ್ಟನೆಂದರೆ, ಅವನಿಗೆ ಓಟು ಹಾಕಿದವರ ಬೆರಳಿನ ಶಾಯಿ ಆ ಗಳಿಗೆಯಲ್ಲೇ ಮಾಯವಾಗುವುದು ಊರಿಗೆಲ್ಲ ರೂಢಿಯಾಗಿ ಹೋಗಿತ್ತು.

ಗೌರವ್ವ ಗಂಡನ ಶವಕ್ಕೆ ಕೊನೆಯ ಸ್ನಾನ ಮಾಡಿಸುತ್ತಿದ್ದಳು. ಅವನ ಬೆರಳು ಅವಳ ಕೈಯಲ್ಲೇ ಬೆಳ್ಳಗಾಯಿತು. ನೀರು ಹಾಕುತ್ತಿದ್ದ ಮಗ ಈರಪ್ಪ ತನ್ನ ಬೆರಳನ್ನೂ ನೋಡಿಕೊಂಡ; ಅಲ್ಲೂ ಶಾಯಿ ಇರಲಿಲ್ಲ.

“ಈ ಎಮ್ಮೆಲ್ಲೆನೂ ಪಕ್ಷ ಬಿಟ್ಟು ಹೋದ ನೋಡವ್ವ,” ಎಂದ. “ಅಪ್ಪ ಜ್ವರದಾಗೂ ಎದ್ದು ಹೋಗಿ ಓಟ್ ಹಾಕಿದ್ದ.”

ಗೌರವ್ವನ ಬೆರಳು ಮಾತ್ರ ಕಪ್ಪಗೇ ಇತ್ತು. ಮನೆಯವರೆಲ್ಲ ಒಬ್ಬನಿಗೇ ಹಾಕಿದ್ದಾರೆಂದು ನಂಬಿದ್ದ ಈರಪ್ಪ ಅದನ್ನೇ ದಿಟ್ಟಿಸಿದ.

“ನಾ ಓಟ್ ಹಾಕಿದಾಕಿ ಸೋತಾಳಪ್ಪ,” ಎಂದಳು ಗೌರವ್ವ. “ಸೋತಾಕಿನ್ನ ಯಾರು ಖರೀದಿ ಮಾಡ್ತಾರ?”

ಆಮೇಲೆ ತನ್ನ ಕಪ್ಪು ಬೆರಳನ್ನು ಗಂಡನ ಬಿಳಿ ಬೆರಳಿಗೆ ಒತ್ತಿ ಬಹಳ ಹೊತ್ತು ಹಿಡಿದಳು. ಶಾಯಿ ಹತ್ತಲಿಲ್ಲ.