ಸಹಿಯಿಲ್ಲದ ದೂರು

"ಹೆದರಬ್ಯಾಡವಾ. ಅಂವ ಏನೇನ್ ಮಾಡಿದ, ಎಲ್ಲಾ ಹೇಳು."

ವಿಚಾರಣೆಗೆ ಬಂದ ಗಂಗಾದೇವಿ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಬೆಳಗಾವಿಯ ಕಚೇರಿಯಿಂದ ಹೊರಟು, ಖಾನಾಪುರ ದಾಟಿ, ಕಾಡಿನ ಈ ಕ್ಯಾಂಪ್ ತಲುಪುವಷ್ಟರಲ್ಲಿ ಅವರ ಸೊಂಟ ಹಿಡಿದುಕೊಂಡಿತ್ತು. ಕರೆಂಟ್ ಲೈನಿನ ದಾರಿ ಅಳೆಯುವ ತಂಡವದು. ನಾಲ್ವರು ಗಂಡಸರು, ಒಬ್ಬಳು ಹೆಂಗಸು. ಫೋನಿಗೆ ಸಿಗ್ನಲ್ ಇಲ್ಲ; ವಾರಕ್ಕೊಮ್ಮೆ ಜೀಪು.

ಕ್ಯಾಂಪಿನಿಂದ ಬಂದ ದೂರಿಗೆ ಸಹಿ ಇರಲಿಲ್ಲ. "ಮೇಲ್ವಿಚಾರಕ ಸೋಮಲಿಂಗ ಸಾಹೇಬರು ಬೇಕೆಂದೇ ಮೈ ಮುಟ್ಟುತ್ತಾರೆ. ತಮ್ಮ ಟೆಂಟಿಗೆ ಕರೆಯುತ್ತಾರೆ. ಒಲ್ಲೆ ಅಂದರೆ ಕೆಲಸದಿಂದ ತೆಗೆಸುತ್ತೇನೆ ಅನ್ನುತ್ತಾರೆ. ನಾಚಿಕೆಯಿಂದ ಮನೆಯಲ್ಲೂ ಹೇಳಿಲ್ಲ."

ಸಹಿಯಾದರೂ ಯಾಕೆ ಬೇಕು? ಇರುವವಳು ಒಬ್ಬಳೇ. ಮೇಡಮ್ಮಿಗೆ ಅಷ್ಟು ತಿಳಿಯದೆ?

"ಅದನ್ನ ನಾ ಬರದಿಲ್ರಿ," ಎಂದಳು ಸಪ್ನಾ. "ಆದ್ರ ಸುಳ್ಳಲ್ರಿ ಅದು."

"ಹಂಗಾರ ಯಾರು ಬರದಾರ?"

"ಬರದವರ ಹೇಳಬೇಕ್ರಿ. ನೀವು ಸಾಹೇಬರನ್ನ ಇಲ್ಲಿಂದ ತಗೀರಿ, ಸಾಕು."

ಮೇಡಂ ಮರುಕದಿಂದ ನಕ್ಕರು. ನೊಂದ ಹೆಣ್ಣು ತನ್ನ ಕಥೆಯನ್ನು ಬೇರೆಯವರದೆಂಬಂತೆ ಹೇಳುತ್ತಾಳೆಂದು ಎರಡು ದಿನದ ತರಬೇತಿಯಲ್ಲಿ ಕಲಿಸಿದ್ದರು. ತರಬೇತಿಯಲ್ಲಿ ಊಟವೂ ಚೆನ್ನಾಗಿತ್ತು.

ಸೋಮಲಿಂಗ ಕಾಲ ಮೇಲೆ ಕಾಲು ಹಾಕಿ ಕುಳಿತ. "ಈ ಹುಡುಗಿಗೆ ಒಂದು ಬಟ್ಟು ಮುಟ್ಟಿಸಿದ್ರ ಕೇಳ್ರಿ ಮೇಡಂ. ದೇವರಾಣಿ." ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ಪಳಗಿದ ಆಸಾಮಿ ಎಂದು ಮೇಡಂ ಗುರುತು ಹಾಕಿಕೊಂಡರು.

ಇಬ್ಬರು ಕೂಲಿಯವರು ಏನೂ ನೋಡಿಲ್ಲವೆಂದರು. ಕೊನೆಗೆ ಬಂದವನು ಅಳತೆಗೋಲು ಹೊರುವ ಸಾತಪ್ಪ. ಬೀಡಿ ಎಂಬ ಊರಿನ ಪೈಲ್ವಾನ, ಆರಡಿ ಆಳು, ಹುರಿಮೀಸೆ.

"ನೀ ಏನರ ನೋಡೀಯೇನಪಾ?"

ಸಾತಪ್ಪ ನೆಲ ನೋಡಿದ. "ಆಕಿಗೆ ಏನೂ ಆಗಿಲ್ರಿ."

"ಮತ್ತ ಯಾಕ ಇಷ್ಟು ಬೆವರಾಕತ್ತಿ?"

"ಸೆಕಿ ಭಾಳ ಐತ್ರಿ."

ಹೊರಗೆ ತಣ್ಣನೆಯ ಗಾಳಿ ಬೀಸುತ್ತಿತ್ತು. 'ಸಾಕ್ಷಿಗೂ ಬೆದರಿಕೆ' ಎಂದು ಮೇಡಂ ಬರೆದುಕೊಂಡರು.

ಮಧ್ಯಾಹ್ನದೊಳಗೆ ನ್ಯಾಯ ಸಿದ್ಧವಾಯಿತು. ಪುರಾವೆ ಇಲ್ಲದ್ದರಿಂದ ಸೋಮಲಿಂಗನಿಗೆ ಬುದ್ಧಿವಾದ. ಸಪ್ನಾಳಿಗೆ ರಕ್ಷಣೆ: ಈಗಿಂದೀಗಲೇ ಬೆಳಗಾವಿಯ ರಾಮತೀರ್ಥ ನಗರದ ಕಚೇರಿಯಲ್ಲಿ ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು. ಇನ್ನು ಕ್ಯಾಂಪಿಗೆ ಹೆಂಗಸರನ್ನು ಕಳಿಸುವುದೇ ಇಲ್ಲ.

"ನನ್ನ ಕಳಿಸಿದ್ರ ಇಲ್ಲಿ ಏನೂ ನೆಟ್ಟಗಾಗಾಂಗಿಲ್ರಿ!" ಸಪ್ನಾ ಕೂಗಿದಳು.

"ಎಲ್ಲಾ ನಿನ್ನ ಒಳ್ಳೇದಕ್ಕವಾ," ಎಂದರು ಮೇಡಂ.

ಸಾತಪ್ಪ ಅವಳ ಟ್ರಂಕು ತಂದು ಜೀಪಿನಲ್ಲಿಟ್ಟ. ಇಟ್ಟವನು ಬಾಗಿಲು ಹಿಡಿದು ನಿಂತೇ ಇದ್ದ.

"ಮೇಡಂ, ನನ್ನೂ ಬೆಳಗಾವಿಗೆ ಹಾಕ್ರಿ. ಕಸಾ ಹೊಡಿಯೂ ಕೆಲಸಾದ್ರೂ ನಡೀತೈತ್ರಿ."

"ನಿನ್ನಂಥಾ ಗಂಡಸೂ ಹೋದ್ರ ಕ್ಯಾಂಪ್ ಕಾಯಾವ್ರು ಯಾರಪಾ?" ಮೇಡಂ ಮನಸಾರೆ ನಕ್ಕರು.

ಸಪ್ನಾ ಬಾಯಿ ತೆರೆದಳು. ಬೇಡವೆಂಬಂತೆ ಸಾತಪ್ಪ ತಲೆಯಾಡಿಸಿದ. ಅವಳು ತುಟಿ ಕಚ್ಚಿ ಕುಳಿತಳು. ಜೀಪು ಹೊರಟಿತು. 'ಕ್ಯಾಂಪಿನಲ್ಲಿ ಈಗ ಎಲ್ಲರೂ ಸುರಕ್ಷಿತ' ಎಂಬ ಕೊನೆಯ ಸಾಲನ್ನು ಮೇಡಂ ಕುಲುಕಾಟದಲ್ಲೇ ಬರೆದು ಮುಗಿಸಿದರು.

ಧೂಳು ಅಡಗಿದ ಮೇಲೆ ಸೋಮಲಿಂಗ ನಿಧಾನವಾಗಿ ಬಂದು ಸಾತಪ್ಪನ ಕೊರಳ ಮೇಲೆ ಕೈಯಿಟ್ಟ.

"ಪತ್ರ ಚಂದ ಬರದೀಯಲೇ ಸಾತ್ಯಾ. ನಡಿ, ಹಾಸಿಗಿ ತಗೊಂಡು ನನ್ನ ಟೆಂಟಿಗೆ ಬಾ."