ಕೋನಪ್ಪನಿಗೆ ಒಂದು ಹಿಡಿ ಮಣ್ಣು

ಪೈಲ್ವಾನ್ ಕೋನಪ್ಪ ತೀರಿಕೊಂಡ ಸುದ್ದಿ ತಿಳಿದು, ಅವನೆದುರು ಕುಸ್ತಿಯಾಡುತ್ತಿದ್ದ ವೆಂಕಟರವಣಪ್ಪ ಚಿಂತಾಮಣಿಯಿಂದ ಪೆರೇಸಂದ್ರಕ್ಕೆ ಓಡಿ ಬಂದಾಗ, ಹೆಣವಿನ್ನೂ ಅಂಗಳದಲ್ಲೇ ಇತ್ತು. ಪೈಲ್ವಾನರ ಎದೆಯ ಮೇಲೆ ಗರಡಿಯ ಮಣ್ಣಿಟ್ಟೇ ಚಟ್ಟ ಎತ್ತುವುದು ಆ ಊರಿನ ವಾಡಿಕೆ. ಗರಡಿಯ ಹಿರಿಯ ಆವಲಪ್ಪ ಮಣ್ಣು ಕೊಡಲು ಒಪ್ಪಿರಲಿಲ್ಲ.

“ಎಂಬತ್ತೆರಡನೇ ಇಸ್ವಿಯಿಂದ ಟಿಕೆಟ್ ಇಟ್ಟು ಆಡ್ಸೋ ಕುಸ್ತೀಲಿ ಈ ರವಣಪ್ಪನ ಕಣ್ಣಿಗೇ ಮಣ್ಣೆರಚ್ತಿದ್ದೋನು ಕಣಮ್ಮ ನಿನ್ನ ಗಂಡ. ಆಂಜನೇಯಸ್ವಾಮಿಗೆ ಪೂಜೆ ಮಾಡಿದ ಮಣ್ಣದು. ಹೆಂಗ್ ಕೊಡ್ಲಿ?” ಎಂದ ಆವಲಪ್ಪ. ಕೋನಪ್ಪನ ಹೆಂಡತಿ ಗಂಗುಲಮ್ಮ ವೆಂಕಟರವಣಪ್ಪನ ಮುಖ ನೋಡಿದಳು. ಅಂಥ ಮೋಸಗಾರನನ್ನು ಗೆದ್ದನೆಂದೇ ಜನ ಅವನಿಗೆ ಹಾರ ಹಾಕಿ ಮೆರೆಸಿದ್ದರು.

“ಅದು ಮಣ್ಣಲ್ಲ ಕಣಣ್ಣ, ರಾಗಿ ಹಿಟ್ಟು,” ಎಂದ ವೆಂಕಟರವಣಪ್ಪ. “ಜನ ಟಿಕೆಟ್ ತಗೊಂಡು ಬರ್ಲಿ ಅಂತ, ಗೆಲ್ಲೋನು ನಾನು, ಬೈಸ್ಕೊಳ್ಳೋನು ಅವನು ಅಂತ ಇಬ್ರೂ ಮಾತಾಡ್ಕೊಂಡಿದ್ವಿ. ಮಣ್ಣೇ ಎರಚೋ ಅಂದಿದ್ದು ನಾನು. ಗರಡಿ ಮಣ್ಣಲ್ಲಿ ಮೋಸ ಮಾಡಲ್ಲ ಅಂತ ಅವನು ಸೊಂಟದಲ್ಲಿ ಹಿಟ್ಟು ಕಟ್ಕೊಂಡು ಬರ್ತಿದ್ದ.”

“ನಿಮ್ಮ ಕಣ್ಣು ಉರೀಬಾರ್ದು ಅಂತ ಎರಡು ಸಲ ಜರಡಿ ಹಿಡೀತಿದ್ದೆ,” ಎಂದಳು ಗಂಗುಲಮ್ಮ.

“ಥೂ, ಇಷ್ಟು ವರ್ಷ ಬಾಯಿಗೆ ಏನ್ ಬಂದಿತ್ತೋ ನಿಂಗೆ?” ಎಂದು ಗದರಿದ ಆವಲಪ್ಪ ಗರಡಿಗೆ ಹೋಗಿ, ತಾನೇ ಮಣ್ಣು ತಂದು ವೆಂಕಟರವಣಪ್ಪನ ಬೊಗಸೆಗೆ ಸುರಿದ. ಅವನು ಅದನ್ನು ಗೆಳೆಯನ ತಣ್ಣನೆಯ ಎದೆಯ ಮೇಲಿಟ್ಟು, ಕೈ ತೆಗೆಯಲಾರದೆ ಕುಳಿತುಬಿಟ್ಟ.

“ಸ್ವಾಮಿ ಆಂಜನೇಯ, ಪಾಪ ನಂದು. ಅದನ್ನ ಇವನ ಲೆಕ್ಕಕ್ಕೆ ಹಾಕ್ಬೇಡ. ನನ್ನ ಕೋನಪ್ಪನಿಗೆ ಶಾಂತಿ ಕೊಡು.”