ಸೂಜಿಯಿಂದ ಚುಚ್ಚಿದ ಚುಕ್ಕಿಗಳು

ಅಳಿಯ ಉಸಿರು ಬಿಗಿಹಿಡಿದು, ಹಳೇ ಹಲ್ಲುಜ್ಜುವ ಬ್ರಶ್ಶನ್ನು ಪುಟ್ಟ ಪ್ಲಾಸ್ಟಿಕ್ ಮಾದರಿ ವಿಮಾನದ ರೆಕ್ಕೆಗೆ ತಾಗಿಸಿದ. ಕಾರಿಗೆ ಬಣ್ಣ ಹೊಡೆಯುವ ಕಸುಬಿನವನು. ಮಾವ ಮಾಡಿಟ್ಟಿದ್ದ ಬಣ್ಣವಿಲ್ಲದ ಬೋಳು ವಿಮಾನ ಕಂಡು ಕೈ ಸುಮ್ಮನಿರದೆ, ಕಾರಿನ ಕೆಂಪು ಸ್ಪ್ರೇಯಿಂದಲೇ ಮೂರು ಕೋಟ್ ಕೊಟ್ಟುಬಿಟ್ಟಿದ್ದ. ನಿಜವಾದ ವಿಮಾನದ ತಗಡು ಬಿಗಿಯುವ ರಿವೆಟ್ ಮೊಳೆಗಳಂತೆ ಕಾಣಲೆಂದು ಹಿಂದೆ ಮಾವ ವರ್ಷವಿಡೀ ಸೂಜಿಯಿಂದ ಚುಚ್ಚಿದ್ದ ಚುಕ್ಕಿಗಳೆಲ್ಲ ಮುಚ್ಚಿಹೋಗಿದ್ದವು. ಈಗ ವಯಸ್ಸಾಗಿ ಅವರ ಕೈ ನಡುಗುತ್ತದೆ, ಮತ್ತೆ ಚುಚ್ಚಲಾರರು.

ಬಣ್ಣ ತೆಗೆಯಲು ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಕರಗೀತೆಂದು ಎರಡು ದಿನ ಸ್ಪಿರಿಟ್ಟಿನಲ್ಲಿ ನೆನೆಹಾಕಿದ್ದ.

ಬ್ರಶ್ಶಿನಡಿ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರಿತು. ಕೆಳಗೆ ಸಾಲುಸಾಲು ಚುಕ್ಕಿಗಳು, ಒಂದೂ ಮುಕ್ಕಾಗಿರಲಿಲ್ಲ.

ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಬ್ಬಾ, ಹೋದ ಜೀವ ಬಂದಂಗಾಯ್ತು," ಎಂದು ಕುರ್ಚಿ ಎಳೆದುಕೊಂಡರು. "ಕೊಡಿಲ್ಲಿ ಬ್ರಶ್ಶು. ಆ ಕಡೆ ರೆಕ್ಕೆ ನಾನು ಉಜ್ತೀನಿ. ನೀನು ಅಲುಗಾಡದ ಹಾಗೆ ಹಿಡ್ಕೋ."